ಅದೇ ಕಬ್ಬಿಣ, ಅದೇ ಸೈಲೇನ್, ಆದ್ರೆ ಸಿಲಿಕಾನ್ ಮಾತ್ರ ಡಬಲ್ ಬಾಂಡಿಗೆ ಸೇರ್ತಾನೇ ಇಲ್ಲ

ಕಾಲಮ್_ಕಾವಲುಗಾರ

ಎಲ್ರಿಗೂ ನಮಸ್ಕಾರ. ಆರ್ಗ್ಯಾನಿಕ್ ಲ್ಯಾಬಲ್ಲಿ ಪಿಎಚ್‌ಡಿ ಮಾಡ್ತಿದೀನಿ, ಎರಡನೇ ವರ್ಷ. ಮೂರು ತಿಂಗಳಿಂದ ಒಂದೇ ಕಡೆ ಸಿಕ್ಕಾಕೊಂಡಿದೀನಿ, ಪೋಸ್ಟ್ ಉದ್ದ ಆಗಿದೆ, ಬೈಕೋಬೇಡಿ.

ಆಲ್ಕೀನ್‌ಗೆ (ಕಾರ್ಬನ್-ಕಾರ್ಬನ್ ಡಬಲ್ ಬಾಂಡ್ ಇರೋ ಅಣು) ಸೈಲೇನ್‌ನ ಸಿಲಿಕಾನ್-ಹೈಡ್ರೋಜನ್ ಬಾಂಡ್ ಸೇರಿಸೋ ಹೈಡ್ರೋಸಿಲೈಲೇಷನ್ ಇದ್ಯಲ್ಲ, ಅದನ್ನ ಎಲ್ಲರೂ ಪ್ಲಾಟಿನಂ ಹಾಕೇ ಮಾಡೋದು, ಕಾರ್‌ಸ್ಟೆಟ್ ಕ್ಯಾಟಲಿಸ್ಟ್. ನಮ್ ಗೈಡು ಅದನ್ನ ಬಿಟ್ಟು ಕಬ್ಬಿಣದಲ್ಲಿ ಮಾಡು, ಭೂಮಿ ತುಂಬಾ ಇರೋ ಲೋಹ, ಅಗ್ಗ, ವಿಷನೂ ಅಲ್ಲ ಅಂದ್ರು. ನಾನೂ ಖುಷಿಯಾಗಿ ಬೀರುವಲ್ಲಿ ಬಿದ್ದಿದ್ದ ಐರನ್ ಅಸಿಟೈಲ್‌ಅಸಿಟೊನೇಟ್ ತಗೊಂಡೆ, 10 ಮೋಲ್ ಪರ್ಸೆಂಟ್ (ನೂರು ಆಲ್ಕೀನ್ ಅಣುಗೆ ಹತ್ತು ಕಬ್ಬಿಣ), ಫಿನೈಲ್‌ಸೈಲೇನ್ 2 ಈಕ್ವಿವಲೆಂಟ್ (ಆಲ್ಕೀನ್‌ನ ಎರಡರಷ್ಟು ಅಣು), ಎಥನಾಲ್, 60 ಡಿಗ್ರಿ, ಒಂದು ಗಂಟೆ. ಆಲ್ಕೀನ್ ಲಿಮೋನೀನ್. ಅದರಲ್ಲಿ ಎರಡು ಡಬಲ್ ಬಾಂಡ್ ಇವೆ, ಒಂದು ರಿಂಗೊಳಗೆ ಮೂರು ಗುಂಪು ಹೊತ್ಕೊಂಡು ಕೂತಿರೋದು, ಇನ್ನೊಂದು ಹೊರಗೆ ಬಾಲದ ಥರ ಇರೋ ಐಸೋಪ್ರೊಪಿನೈಲ್, ಸೋ ಸಿಲಿಕಾನ್ ಒಂದರ ಮೇಲೆ ಮಾತ್ರ ಕೂತ್ರೆ ಸೆಲೆಕ್ಟಿವಿಟಿ ಕಥೆನೂ ಹೇಳ್ಬಹುದು ಅಂತ ಲೆಕ್ಕ ಹಾಕಿದ್ದೆ.

ಜಿಸಿ ಮಾಸ್ (ಮಿಶ್ರಣ ಬೇರ್ಪಡಿಸಿ ಒಂದೊಂದರ ಅಣುತೂಕ ತೋರಿಸೋ ಯಂತ್ರ) ಹಾಕಿದ್ರೆ ಬಂದಿದ್ದು ಇಷ್ಟು. ಲಿಮೋನೀನ್ 136 ಅಲ್ವಾ, ಅದು ಕಮ್ಮಿಯಾಗಿ 138ರ ಪೀಕ್ ದೊಡ್ಡದಾಗಿ ನಿಂತಿದೆ, ಪಕ್ಕದಲ್ಲಿ 140 ಚಿಕ್ಕದು. ಆಮೇಲೆ ತುಂಬಾ ಹಿಂದೆ 240 ಅಂತ ಒಂದು ಬಂತು. ನನಗೆ ಬೇಕಾಗಿದ್ದು 136 ಪ್ಲಸ್ ಫಿನೈಲ್‌ಸೈಲೇನ್‌ನ 108, ಅಂದ್ರೆ 244. ನಾಲ್ಕು ಕಮ್ಮಿ! ಎರಡು ಹೈಡ್ರೋಜನ್ ಅಣು ಬಿದ್ದುಹೋಗಿರಬೇಕು ಅಂತ ಗ್ರೂಪ್ ಮೀಟಿಂಗಲ್ಲಿ ಒಂದು ಕಥೆನೂ ಕಟ್ಟಿಬಿಟ್ಟೆ 🙈 ಇನ್ನೊಂದ್ಸಲ ಸೆಪ್ಟಮ್‌ಗೆ ಸೂಜಿ ಹಾಗೇ ಬಿಟ್ಟು ರಾತ್ರಿ ಮನೆಗೆ ಹೋಗಿದ್ದೆ, ಬೆಳಿಗ್ಗೆ ನೋಡಿದ್ರೆ ಹೊಸ ಪೀಕ್, ಅದರಲ್ಲಿ ಎಲ್ಲಕ್ಕಿಂತ ಎತ್ತರ 59, ಜೊತೆಗೆ 93, 121, 136.

ಪೇಪರ್‌ಗಳಲ್ಲಿ ನೋಡಿದ್ರೆ ಕಬ್ಬಿಣ ಪ್ಲಸ್ ಸೈಲೇನ್ ಹಾಕಿ ಸಿಲಿಕಾನನ್ನ ಸರಿಯಾಗಿ ತುದಿ ಕಾರ್ಬನ್‌ಗೇ ಕೂರಿಸಿದಾರೆ, ಆಂಟಿ ಮಾರ್ಕೊವ್ನಿಕಾಫ್. ಇನ್ನೊಂದಿಷ್ಟು ಪೇಪರಲ್ಲಿ ಅದೇ ಕಬ್ಬಿಣ ಪ್ಲಸ್ ಸೈಲೇನ್ ಹಾಕಿದ್ರೆ ಎಲ್ಲಾ ಮಾರ್ಕೊವ್ನಿಕಾಫ್ ಕಡೆ (ಹೊಸ ಗುಂಪು ತುದಿ ಬಿಟ್ಟು ಜಾಸ್ತಿ ಗುಂಪುಗಳಿರೋ ಕಾರ್ಬನ್‌ಗೆ) ಹೋಗುತ್ತೆ, ಸಿಲಿಕಾನ್ ಹೆಸರೇ ಇಲ್ಲ. ಎತ್ತು ಏರಿಗೆಳೆದ್ರೆ ಕೋಣ ನೀರಿಗೆಳೀತು ಅನ್ನೋ ಥರ ಆಗಿದೆ. ಯಾರಾದ್ರೂ ಬಿಡಿಸಿ ಹೇಳ್ತೀರಾ?

ಡಿ_ಆರ್ಬಿಟಲ್

ಗುರು, ನಿನ್ನ ರಿಯಾಕ್ಷನ್ ಫೇಲ್ ಆಗಿಲ್ಲ, ನೀನು ಬೇರೆ ರಿಯಾಕ್ಷನ್ ಮಾಡಿದೀಯ, ಅದೂ ಚೆನ್ನಾಗೇ ಮಾಡಿದೀಯ.

ಮೊದಲು ಆ 240 ಇತ್ಯರ್ಥ ಮಾಡೋಣ. ಅದು ಟ್ರೈಎಥಾಕ್ಸಿ ಫಿನೈಲ್‌ಸೈಲೇನ್. ಫಿನೈಲ್‌ಸೈಲೇನ್‌ನ ಮೂರೂ ಹೈಡ್ರೋಜನ್ ಕಿತ್ತು ಎಥನಾಲ್ ಮೂರು ಎಥಾಕ್ಸಿ ಕೂರಿಸಿದೆ, ಲೆಕ್ಕ ಹಾಕಿ ನೋಡು, ಸರಿಯಾಗಿ 240. ಎರಡೇ ಎಥಾಕ್ಸಿ ಸೇರಿರೋದು 196, ಸ್ವಲ್ಪ ಮುಂಚೆ ಬಂದಿರುತ್ತೆ, ಹುಡುಕು. ಅಂದ್ರೆ ಆ ಪೀಕಲ್ಲಿ ಲಿಮೋನೀನ್‌ನ ಒಂದು ಕಾರ್ಬನ್ನೂ ಇಲ್ಲ. ಸಿಲಿಕಾನ್‌ಗೆ ಆಕ್ಸಿಜನ್ ಕಂಡ್ರೆ ಪ್ರಾಣ, ಎಥನಾಲ್ ತುಂಬಿರೋ ಫ್ಲಾಸ್ಕಲ್ಲಿ ಅದು ಕಾರ್ಬನ್ ಕಡೆ ಯಾಕೆ ತಿರುಗಿ ನೋಡುತ್ತೆ ಹೇಳು.

ಈಗ ಮುಖ್ಯ ವಿಷಯ. ಕಬ್ಬಿಣ ಅಂತ ಒಂದು ಕ್ಯಾಟಲಿಸ್ಟ್ ಇಲ್ಲ. ಲಿಗ್ಯಾಂಡ್ (ಲೋಹಕ್ಕೆ ಅಂಟಿಕೊಂಡಿರೋ ಅಣು) ಯಾವುದು, ಆಕ್ಸಿಡೇಷನ್ ಸ್ಟೇಟ್ ಯಾವುದು, ಸಾಲ್ವೆಂಟ್ ಯಾವುದು ಅನ್ನೋದರ ಮೇಲೆ ಅದು ಬೇರೆ ಬೇರೆ ಆಸಾಮಿ. ನಿನ್ನ ಫ್ಲಾಸ್ಕಲ್ಲಿ ಇದ್ದಿದ್ದು ಕಬ್ಬಿಣ 3 (ಆಕ್ಸಿಡೇಷನ್ ಸ್ಟೇಟ್ +3), ಸುತ್ತ ಆಕ್ಸಿಜನ್ ಲಿಗ್ಯಾಂಡ್, ಹೈ ಸ್ಪಿನ್, ಅಂದ್ರೆ ಜೋಡಿ ಇಲ್ಲದ ಎಲೆಕ್ಟ್ರಾನ್ ಜಾಸ್ತಿ. ಎಥಾಕ್ಸೈಡ್ ಸೇರಿದ ಕಬ್ಬಿಣ ಸೈಲೇನ್‌ನಿಂದ ಹೈಡ್ರೈಡ್ ಎಳ್ಕೊಳ್ಳುತ್ತೆ, ಕಬ್ಬಿಣ-ಹೈಡ್ರೋಜನ್ ಬಾಂಡ್ ಹುಟ್ಟುತ್ತೆ, ಆದ್ರೆ ಆ ಬಾಂಡ್ ಎಷ್ಟು ವೀಕ್ ಅಂದ್ರೆ ಆಲ್ಕೀನ್ ಬಂದು ಮೆಟಲ್‌ಗೆ ಅಂಟಿಕೊಳ್ಳೋವರೆಗೂ ಕಾಯೋದಿಲ್ಲ, ಒಂದು ಹೈಡ್ರೋಜನ್ ಪರಮಾಣುನ ಇಡೀದಾಗಿ ಡಬಲ್ ಬಾಂಡಿಗೆ ಎಸೆದುಬಿಡುತ್ತೆ. ಪ್ರೋಟಾನ್ ಅಲ್ಲ, ಹೈಡ್ರೈಡ್ ಅಲ್ಲ, ಪರಮಾಣು. ಇದಕ್ಕೇ ಎಂಹ್ಯಾಟ್ (ಮೆಟಲ್ ಹೈಡ್ರೈಡ್ ಹೈಡ್ರೋಜನ್ ಆಟಂ ಟ್ರಾನ್ಸ್‌ಫರ್) ಅಂತಾರೆ. ಹೈಡ್ರೋಜನ್ ಹೋಗೋದು ಗುಂಪುಗಳಿಲ್ಲದ ತುದಿ ಕಾರ್ಬನ್‌ಗೆ, ಯಾಕಂದ್ರೆ ಆಗ ರಾಡಿಕಲ್ (ಜೋಡಿ ಇಲ್ಲದ ಎಲೆಕ್ಟ್ರಾನ್) ಜಾಸ್ತಿ ಗುಂಪುಗಳಿರೋ ಕಾರ್ಬನ್ ಮೇಲೆ ಉಳಿಯುತ್ತೆ, ಅದೇ ಸ್ಥಿರ. ಲಿಮೋನೀನ್‌ನಲ್ಲಿ ಐಸೋಪ್ರೊಪಿನೈಲ್ ತುದಿಗೆ ಹೈಡ್ರೋಜನ್ ಬಿತ್ತು, ನಡುವಿನ ಕಾರ್ಬನ್ ಟರ್ಷಿಯರಿ (ಸುತ್ತ ಮೂರು ಕಾರ್ಬನ್ ಇರೋ) ರಾಡಿಕಲ್ ಆಯ್ತು. ಮೆಟಲ್ ಕೆಲಸ ಅಲ್ಲಿಗೆ ಮುಗೀತು, ಮಿಕ್ಕಿದ್ದು ಆ ರಾಡಿಕಲ್‌ಗೆ ಯಾರು ಮೊದಲು ಸಿಕ್ತಾರೆ ಅನ್ನೋದರ ಮೇಲೆ.

ಯಾರೂ ಸಿಗದಿದ್ರೆ ಇನ್ನೊಂದು ಹೈಡ್ರೋಜನ್ ಸಂಪಾದಿಸಿ 138. ಎರಡನೇ ಡಬಲ್ ಬಾಂಡೂ ಹೋಯ್ತಾ, 140. ಗಾಳಿ ಸಿಕ್ತಾ, ಆಕ್ಸಿಜನ್ ಹಿಡ್ಕೊಂಡು ಕೊನೆಗೆ ಆಲ್ಕೊಹಾಲ್. ನಿನ್ನ ಸೂಜಿ ಬಿಟ್ಟ ರಾತ್ರಿ ಬಂದಿದ್ದು ಅದೇ. 59 ಅಂದ್ರೆ ಎರಡು ಮೀಥೈಲ್, ಒಂದು ಓಎಚ್ ಇರೋ ಆ ತುದಿ ತುಂಡು, 154ರ ಮಾಲಿಕ್ಯುಲರ್ ಪೀಕ್ ಸಣ್ಣಗಿರುತ್ತೆ, ನೀರು ಕಳ್ಕೊಂಡು 136 ತೋರಿಸುತ್ತೆ. ಆಲ್ಫಾ ಟರ್ಪಿನಿಯಾಲ್, ಕಣ್ಮುಚ್ಚಿ ಹೇಳ್ಬಹುದು. ಆದ್ರೂ ಅಸಲಿ ಸ್ಯಾಂಪಲ್ ಪಕ್ಕದಲ್ಲಿ ಹಾಕಿ ಖಚಿತ ಮಾಡ್ಕೋ.

ಇದು ಹೊಸದೇನಲ್ಲ. 1989ರಲ್ಲೇ ಮುಕಾಯಾಮ ಮತ್ತು ಇಸಾಯಾಮ ಕೋಬಾಲ್ಟ್, ಫಿನೈಲ್‌ಸೈಲೇನ್, ಆಕ್ಸಿಜನ್ ಹಾಕಿ ಆಲ್ಕೀನ್‌ಗೆ ನೀರು ಸೇರಿಸಿದ ಫಲ ತಂದಿದ್ರು. 2014ರಲ್ಲಿ ಬರಾನ್ ಗುಂಪು ನೀನು ಹಾಕಿರೋ ಇದೇ ಕಬ್ಬಿಣ, ಇದೇ ಸೈಲೇನ್ ಇಟ್ಕೊಂಡು ಆ ರಾಡಿಕಲನ್ನ ಇನ್ನೊಂದು ಎಲೆಕ್ಟ್ರಾನ್ ಕಮ್ಮಿ ಇರೋ ಆಲ್ಕೀನ್‌ಗೆ ಹೊಲಿದ್ರು, ಮುಂದಿನ ವರ್ಷ ನೈಟ್ರೋಅರೀನ್ ಹಾಕಿ ನೈಟ್ರೋಜನ್ ಕೂರಿಸಿದ್ರು. ನಿನ್ನ ಫ್ಲಾಸ್ಕ್‌ಗೆ ಮೀಥೈಲ್ ವಿನೈಲ್ ಕೀಟೋನ್ ಹಾಕಿದ್ರೆ ಹೊಸ ಕಾರ್ಬನ್-ಕಾರ್ಬನ್ ಬಾಂಡ್ ಬರುತ್ತೆ, ಟ್ರೈ ಮಾಡು ಬೇಕಾದ್ರೆ.

ಇನ್ನು ಸಿಲಿಕಾನ್ ಸೇರಿಸೋ ಕಬ್ಬಿಣ. ಅದು ಚಿರಿಕ್ ಗುಂಪಿನ ದಾರಿ, ಪಿರಿಡಿನ್ ಡೈಇಮೀನ್ ಲಿಗ್ಯಾಂಡ್. ಈ ಲಿಗ್ಯಾಂಡ್ ಮೊದಲು ಹೆಸರು ಮಾಡಿದ್ದು 1998ರಲ್ಲಿ, ಬ್ರೂಕ್‌ಹಾರ್ಟ್ ಮತ್ತು ಗಿಬ್ಸನ್ ಅದರಲ್ಲಿ ಎಥಿಲೀನ್ ಪಾಲಿಮರ್ ಮಾಡಿದಾಗ. 2004ರಲ್ಲಿ ಚಿರಿಕ್ ಅದೇ ಚೌಕಟ್ಟಲ್ಲಿ ನೈಟ್ರೋಜನ್ ಅಣು ಕಟ್ಟಿಕೊಂಡ ಕಡಿಮೆ ವೇಲೆನ್ಸಿಯ ಕಬ್ಬಿಣ ತೋರಿಸಿದ್ರು, 2012ರಲ್ಲಿ ಇಂಡಸ್ಟ್ರಿಯವರು ಬಳಸೋ ಟರ್ಷಿಯರಿ ಸೈಲೇನ್‌ಗಳನ್ನೇ (ಸಿಲಿಕಾನ್ ಮೇಲೆ ಒಂದೇ ಹೈಡ್ರೋಜನ್ ಇರೋವು) ತುದಿಗೆ ಕೂರಿಸಿದ್ರು. ಅಲ್ಲಿ ಆಟ ಬೇರೆ. ಲಿಗ್ಯಾಂಡೇ ಎಲೆಕ್ಟ್ರಾನ್‌ಗಳನ್ನ ಜೇಬಲ್ಲಿ ಇಟ್ಕೊಂಡಿರುತ್ತೆ, ಬೇಕಾದಾಗ ಕೊಡುತ್ತೆ, ಹಾಗಾಗಿ ಒಂದೊಂದೇ ಎಲೆಕ್ಟ್ರಾನ್ ಲೆಕ್ಕದಲ್ಲಿ ಓಡಾಡೋ ಕಬ್ಬಿಣ ಪ್ಲಾಟಿನಂ ಥರ ಎರಡೆರಡು ಹೆಜ್ಜೆ ಹಾಕೋಕೆ ಆಗುತ್ತೆ. ಆಲ್ಕೀನ್ ಮೆಟಲ್ ಮೇಲೆ ಕೂರುತ್ತೆ, ಮೆಟಲ್-ಹೈಡ್ರೋಜನ್ ಬಾಂಡೊಳಗೆ ನುಗ್ಗುತ್ತೆ, ಸುತ್ತ ಅರೈಲ್ ಗುಂಪುಗಳ ಗೋಡೆ ಇರೋದ್ರಿಂದ ದಪ್ಪ ಮೆಟಲ್ ತುದಿ ಕಾರ್ಬನ್ನೇ ಹಿಡ್ಕೊಳ್ಳುತ್ತೆ. ಅದಕ್ಕೇ ಆಂಟಿ ಮಾರ್ಕೊವ್ನಿಕಾಫ್. ಮೊದಲನೇದರಲ್ಲಿ ದಾರಿ ತೀರ್ಮಾನ ಮಾಡೋದು ರಾಡಿಕಲ್ ಸ್ಥಿರತೆ, ಎರಡನೇದರಲ್ಲಿ ಜಾಗದ ಇಕ್ಕಟ್ಟು. ನಿನ್ನ ಎತ್ತು ಕೋಣ ಎರಡಕ್ಕೂ ಕಬ್ಬಿಣ ಅಂತ ಒಂದೇ ಹೆಸರಿಟ್ಟಿದೀವಿ, ಅಷ್ಟೇ.

ಹಳೇ_ಫ್ಲಾಸ್ಕ್

ಮ್ಯಾಲಿನವರು ಹೇಳಿದ್ದು ಛಲೋ ಐತಿ, ಆದ್ರ ಒಂದು ಮಾತು ಬಿಟ್ಟಾರ. ತಮ್ಮಾ, ಫಿನೈಲ್‌ಸೈಲೇನ್ ಮತ್ತ ಎಥನಾಲ್ ಕೂಡಿ 240 ಆತು ಅಂದ್ರ ಒಂದು ಸೈಲೇನ್‌ಗೆ ಮೂರು ಹೈಡ್ರೋಜನ್ ಅಣು ಹೊರಗ ಬಂದಾವು ಅಂತ ಅರ್ಥ. ಮುಚ್ಚಿದ ವಾಯಲ್‌ನಾಗ 60 ಡಿಗ್ರಿ ಇಟ್ಟಿದ್ರ ಅದು ಬಾಂಬ್. ನಾ ಒಮ್ಮೆ ಮುಚ್ಚಳ ಹಾರಿಸಿ ಹುಡ್‌ನ ಗ್ಲಾಸ್ ಬಿರುಕು ಬಿಡಿಸೇನಿ. ಸಣ್ಣ ಸ್ಕೇಲ್ ಇದ್ರೂ ಬಲೂನ್ ಇಲ್ಲಾ ಬಬ್ಲರ್ ಹಾಕ್ರಿ. ಮತ್ತ ಆಕ್ಸಿಜನ್ ಬಲೂನ್ ಹಚ್ಚಿ ಟರ್ಪಿನಿಯಾಲ್ ಮಾಡಾಕ ಹೊಂಟ್ರ ಹೈಡ್ರೋಜನ್, ಆಕ್ಸಿಜನ್, ಎಥನಾಲ್ ಆವಿ ಮೂರೂ ಒಂದ ಫ್ಲಾಸ್ಕ್‌ನಾಗ ಇರ್ತಾವು ಅನ್ನೋದು ತಲ್ಯಾಗ ಇರ್ಲಿ.

ಇನ್ನೊಂದು, ಸೈಲೇನ್ ತುಟ್ಟಿ ಅಂತ ನಾಳೆ ಟ್ರೈಎಥಾಕ್ಸಿಸೈಲೇನ್ ಹಾಕಾಕ ಹೋಗ್ಬ್ಯಾಡ್ರಿ ತಿಳೀದ. ಬೇಸ್ ಅಥವಾ ಕೆಲವು ಮೆಟಲ್ ಇದ್ರ ಅದು ತಾನs ತಾನ ಅದಲು ಬದಲಾಗಿ ಸೈಲೇನ್ ಗ್ಯಾಸ್ ಕೊಡ್ತೈತಿ, ಗಾಳಿ ತಾಗಿದ್ರ ಹೊತ್ತತೈತಿ.

ಈಗ ಕಂಟ್ರೋಲ್, ಅಂದ್ರ ಹೋಲಿಕಿ ಪ್ರಯೋಗದ ಮಾತು. ನೀವು ಹೊಸಾ ಕಬ್ಬಿಣ ಕ್ಯಾಟಲಿಸ್ಟ್ ಅಂತ ಬರೀಬೇಕಾದ್ರ ಮೊದಲ ಕೇಳೋ ಪ್ರಶ್ನೆ, ಇದು ಕಬ್ಬಿಣಾನs ಹೌದ? 2009ರಾಗ ಬುಕ್‌ವಾಲ್ಡ್ ಮತ್ತ ಬೋಲ್ಮ್ ಕೂಡಿ ಒಂದು ಪೇಪರ್ ಬರದ್ರು. ಐರನ್ ಕ್ಲೋರೈಡ್ ಹಾಕಿ ಅರೈಲ್ ಹ್ಯಾಲೈಡ್‌ಗೆ ನೈಟ್ರೋಜನ್, ಆಕ್ಸಿಜನ್ ಕೂಡಿಸೂ ಕೆಲಸ ಭಾಳ ಹೆಸರು ಮಾಡಿತ್ತು, ಶೋಧಿಸಿ ನೋಡಿದ್ರ ಬಾಟ್ಲ್ಯಾಗ ಕೆಲವು ಪಿಪಿಎಂ (ಹತ್ತು ಲಕ್ಷದಾಗ ಕೆಲವೇ ಭಾಗ) ತಾಮ್ರ ಇತ್ತು, ಕೆಲಸ ಮಾಡಿದ್ದು ಅದು, ಹೆಸರು ಬಂದಿದ್ದು ಕಬ್ಬಿಣಕ್ಕ. ಸ್ವಂತ ಕೆಲಸದ ಮ್ಯಾಲ ಸ್ವಂತ ಇಂಥಾ ಪೇಪರ್ ಬರಿಯೂದು ಸಣ್ಣ ಮಾತಲ್ಲ, ಬೋಲ್ಮ್ ಅವರಿಗೆ ಒಂದು ನಮಸ್ಕಾರ. ಹಂಗಾಗಿ ಬ್ಯಾರೆ ಬ್ಯಾರೆ ಬಾಟ್ಲಿ, 98 ಪರ್ಸೆಂಟ್ ಒಂದು, 99.99 ಒಂದು, ಕೂಡಿ ಹಚ್ಚಿ ನೋಡ್ರಿ. ಕಬ್ಬಿಣ ಇಲ್ಲದ ಒಂದು. ತಾಮ್ರ, ಕೋಬಾಲ್ಟ್ ಬೇಕಂತನ ಚಿಟಿಕಿ ಹಾಕಿ ಒಂದೊಂದು. ಮತ್ತ ಸ್ಟಿರ್ ಬಾರ್! ಮ್ಯಾಲ ಕರಿ ಕಲೆ ಹಿಡದಿರೂ ಹಳೇ ಸ್ಟಿರ್ ಬಾರ್‌ನಾಗ ಯಾವ ಕಾಲದ ಪಲ್ಲಾಡಿಯಂ ಕುಂತಿರ್ತೈತೋ ದೇವರಿಗೇ ಗೊತ್ತು. ಹೊಸಾದು ತಗೋರಿ.

ಕಾಲಮ್_ಕಾವಲುಗಾರ

ಅಯ್ಯೋ ದೇವ್ರೇ, 240 ಬಗ್ಗೆ ಗ್ರೂಪ್ ಮೀಟಿಂಗಲ್ಲಿ ಹದಿನೈದು ನಿಮಿಷ ಮಾತಾಡಿದೀನಿ ನಾನು. 196 ಹುಡುಕಿದೆ, ಇದೆ. ಲಿಮೋನೀನ್ ಹಾಕದೇನೇ ಒಂದು ಮಾಡಿದೆ, 240 ಹಾಗೇ ಬಂತು. ಮುಗೀತು ಆ ಕಥೆ.

ಡಿ ಆರ್ಬಿಟಲ್ ಸರ್, ಒಂದು ಡೌಟು. ಎಂಹ್ಯಾಟ್ ಆದ್ರೆ ರಿಂಗೊಳಗಿನ ಡಬಲ್ ಬಾಂಡಿಗೆ ಹೈಡ್ರೋಜನ್ ಬಿದ್ರೂ ಟರ್ಷಿಯರಿ ರಾಡಿಕಲ್ಲೇ ಅಲ್ವಾ ಬರೋದು, ಮತ್ಯಾಕೆ 140 ಅಷ್ಟು ಕಮ್ಮಿ? ಇನ್ನೊಂದು, ಇದು ರಾಡಿಕಲ್ ಅಂತ ಗೈಡ್ ಮುಂದೆ ಪ್ರೂವ್ ಮಾಡೋದು ಹೇಗೆ? ಎನ್‌ಎಂಆರ್ (ಅಣುವಿನ ರಚನೆ ತೋರಿಸೋ ಯಂತ್ರ) ಹಾಕಿದ್ರೆ ಕಬ್ಬಿಣದ ದೆಸೆಯಿಂದ ಪೀಕ್‌ಗಳೆಲ್ಲಾ ಹಪ್ಪಳದ ಥರ ಹರಡ್ಕೊಂಡ್ವು. ಮತ್ತೆ ಹಳೇ ಫ್ಲಾಸ್ಕ್ ಅಣ್ಣ, ಬಬ್ಲರ್ ಹಾಕಿದೀನಿ, ನಿಜವಾಗ್ಲೂ ಗುಳುಗುಳು ಅಂತಿದೆ.

ಡಿ_ಆರ್ಬಿಟಲ್

ಸರ್ ಎಲ್ಲಾ ಬೇಡಪ್ಪ.

ಎರಡೂ ಕಡೆ ಟರ್ಷಿಯರಿ ರಾಡಿಕಲ್ ಬರುತ್ತೆ ನಿಜ, ಆದ್ರೆ ಹೈಡ್ರೋಜನ್ ಬೀಳೋ ಜಾಗ ಎಷ್ಟು ಬಿಡುವಾಗಿದೆ ನೋಡು. ಹೊರಗಿನದು ಸಿಎಚ್2, ರಿಂಗಿಂದು ಸಿಎಚ್. ಹೊರಗಿನದಕ್ಕೆ ಬೇಗ. ಆದ್ರೆ ಇದು ಬರೀ ಸ್ಪೀಡ್ ವ್ಯತ್ಯಾಸ, ಬಾಗಿಲಿಗೆ ಬೀಗ ಹಾಕಿದ ಹಾಗಲ್ಲ. ಲಿಮೋನೀನ್ ಪೂರ್ತಿ ಮುಗಿಸ್ತೀನಿ ಅಂತ ಇನ್ನೊಂದು ಗಂಟೆ ಬಿಟ್ರೆ 140 ಏರುತ್ತೆ. ಸೈಲೇನ್ ಕಮ್ಮಿ ಮಾಡಿ ಅರ್ಧಗಂಟೆಗೊಂದು ಸ್ಯಾಂಪಲ್ ತೆಗೆದು ಗ್ರಾಫ್ ಹಾಕು.

ರಾಡಿಕಲ್ ಪ್ರೂವ್ ಮಾಡೋಕೆ ಎನ್‌ಎಂಆರ್‌ನ ನೆಚ್ಕೋಬೇಡ. 3ಡಿ ಲೋಹಗಳ ತಲೆನೋವೇ ಅದು, ಜೋಡಿ ಇಲ್ಲದ ಎಲೆಕ್ಟ್ರಾನ್‌ಗಳು ತುಂಬ್ಕೊಂಡಿರ್ತಾವೆ. ಪ್ಲಾಟಿನಂ, ರೋಡಿಯಂನವರು ಫಾಸ್ಫರಸ್ ಎನ್‌ಎಂಆರ್ ಹಾಕಿ ಮಧ್ಯದ ಸ್ಪೀಶೀಸ್ ಎಲ್ಲಾ ಎಣಿಸ್ತಾರೆ, ನಮಗೆ ಇಪಿಆರ್, ಮಾಸ್‌ಬಾವರ್ ಅನ್ನೋ ಬೇರೆ ಸ್ಪೆಕ್ಟ್ರೋಸ್ಕೋಪಿ ಬೇಕು. ನಿನ್ನ ಮಟ್ಟಕ್ಕೆ ರಾಡಿಕಲ್ ಕ್ಲಾಕ್ ಸಾಕು, ಸೈಕ್ಲೋಪ್ರೊಪೇನ್ ಪಕ್ಕದಲ್ಲಿರೋ ಆಲ್ಕೀನ್ ಹಾಕು, ರಿಂಗ್ ತೆರೆದ ಪ್ರಾಡಕ್ಟ್ ಬಂತಾ, ರಾಡಿಕಲ್ ಇತ್ತು. ಇನ್ನೊಂದು ಡ್ಯುಟೀರಿಯಂ, ಅಂದ್ರೆ ತೂಕ ಒಂದು ಜಾಸ್ತಿ ಇರೋ ಹೈಡ್ರೋಜನ್. ಸೈಲೇನ್‌ನಲ್ಲಿ ಡ್ಯುಟೀರಿಯಂ ಹಾಕಿ ಒಂದು, ಎಥನಾಲ್‌ನ ಓಎಚ್‌ನಲ್ಲಿ ಹಾಕಿ ಒಂದು. 138 ಇದ್ದಿದ್ದು 139 ಆಗುತ್ತಲ್ಲ, ಯಾವುದರಲ್ಲಿ ಎಲ್ಲಿ ಬಂತು ಅನ್ನೋದೇ ಕಥೆ ಹೇಳುತ್ತೆ. ಮೊದಲನೇ ಹೈಡ್ರೋಜನ್ ಸೈಲೇನ್‌ದು, ಅದು ಮೀಥೈಲ್ ಮೇಲೆ ಕಾಣ್ಬೇಕು. ಎರಡನೇದು ಎಲ್ಲಿಂದ ಅನ್ನೋದು ನೀನೇ ಕಂಡುಹಿಡಿ, ಮಜಾ ಇದೆ.

ಒಂದು ಮಾತು ಹೇಳ್ಬೇಕು ಅನ್ಸುತ್ತೆ. ಪ್ಲಾಟಿನಂ ಮಾಡೋದನ್ನ ಕಬ್ಬಿಣದಲ್ಲಿ ಮಾಡಿ ತೋರಿಸೋದು ಒಂದು ದಾರಿ, ಆದ್ರೆ ನನಗೆ ಅದಕ್ಕಿಂತ ಇಷ್ಟ ಆಗೋದು ಪ್ಲಾಟಿನಂ, ಪಲ್ಲಾಡಿಯಂ ಮಾಡೋಕೇ ಆಗದೇ ಇರೋದನ್ನ ಇದರಲ್ಲಿ ಮಾಡೋದು. ಪಲ್ಲಾಡಿಯಂ ಆನ್ ಕಾರ್ಬನ್ ಹೈಡ್ರೋಜನೇಷನ್ ಮಾಡಿದ್ರೆ ಎರಡೂ ಹೈಡ್ರೋಜನ್ ಒಂದೇ ಮುಖದಿಂದ ಬರುತ್ತೆ, ಪ್ರಾಡಕ್ಟ್ ಹೇಗೆ ಬೇಕಾದ್ರೂ ಇರ್ಲಿ. 2014ರಲ್ಲಿ ಶೆನ್ವಿ ಗುಂಪು ಮ್ಯಾಂಗನೀಸ್ ಹಾಕಿ ಮಾಡಿದ್ದು, ರಾಡಿಕಲ್ ಮೂಲಕ ಹೋಗೋದ್ರಿಂದ ಅಣು ತನಗೆ ಆರಾಮ ಅನಿಸೋ ಆಕಾರಕ್ಕೇ ಕೂರುತ್ತೆ, ಟ್ರಾನ್ಸ್ ಡೆಕಾಲಿನ್ (ಎರಡು ರಿಂಗ್ ಅಂಟಿರೋ ಅಣುವಿನ ಸ್ಥಿರ ರೂಪ) ಸಲೀಸಾಗಿ ಬರುತ್ತೆ. ಜೊತೆಗೆ ಅರೈಲ್ ಬ್ರೋಮೈಡ್ ಇದ್ರೆ ಪಲ್ಲಾಡಿಯಂ ಅದರೊಳಗೆ ಕೈ ಹಾಕುತ್ತೆ, ಎಂಹ್ಯಾಟ್ ಸಾಮಾನ್ಯವಾಗಿ ಅದರ ತಂಟೆಗೆ ಹೋಗಲ್ಲ.

ಪ್ಲಾಂಟ್_ಕಡೆಯವಳು

ಇಷ್ಟೊತ್ತು ಸುಮ್ನೆ ಓದ್ತಿದ್ದೆ. ಅಗ್ಗ, ವಿಷ ಇಲ್ಲ ಅನ್ನೋ ಎರಡು ಪದ ನೋಡಿ ತಡ್ಕೊಳೋಕೆ ಆಗ್ಲಿಲ್ಲ, ಪ್ರಪೋಸಲ್‌ಗಳಲ್ಲಿ ಓದಿ ಓದಿ ಸಾಕಾಗಿದೆ.

ಭೂಮಿಲಿ ಜಾಸ್ತಿ ಇದೆ ಅನ್ನೋದು ನಿಜ. ಸರಾಸರಿ ಒಂದು ಟನ್ ಭೂಪದರ ತಗೊಂಡ್ರೆ ಕಬ್ಬಿಣ 50 ಕೇಜಿ ಆಸುಪಾಸು, ನಿಕಲ್ 80 ಗ್ರಾಂ ಹತ್ತಿರ, ಕೋಬಾಲ್ಟ್ 25 ಗ್ರಾಂ, ಪ್ಲಾಟಿನಂ ಕೆಲವೇ ಮಿಲಿಗ್ರಾಂ, ರೋಡಿಯಂ 1 ಮಿಲಿಗ್ರಾಂ. ಕಬ್ಬಿಣಕ್ಕೂ ಕೋಬಾಲ್ಟ್‌ಗೂ ನಡುವೆ ಎಷ್ಟು ಅಂತರ ಇದೆ ನೋಡಿ, ಎರಡನ್ನೂ ಒಂದೇ ಬುಟ್ಟಿಗೆ ಹಾಕಿ ಹೇರಳ ಲೋಹ ಅಂತ ಬರೀತಾರೆ. ಕೋಬಾಲ್ಟ್ ಅಂತೂ ಹೆಚ್ಚಾಗಿ ತಾಮ್ರ, ನಿಕಲ್ ಗಣಿಗಳ ಜೊತೆಗೆ ಸಿಗೋದು, ಗಣಿಯಿಂದ ಬರೋದರಲ್ಲಿ ಅರ್ಧಕ್ಕಿಂತ ಎಷ್ಟೋ ಜಾಸ್ತಿ ಕಾಂಗೋ ಒಂದೇ ದೇಶದ್ದು.

ವಿಷದ ವಿಷಯ. ಔಷಧಿಗಳಲ್ಲಿ ಲೋಹ ಎಷ್ಟು ಉಳೀಬಹುದು ಅಂತ ಐಸಿಎಚ್ ಅನ್ನೋ ಅಂತರರಾಷ್ಟ್ರೀಯ ಔಷಧಿ ಸಂಸ್ಥೆಯ ಕ್ಯೂ3ಡಿ ಗೈಡ್‌ಲೈನ್ ಇದೆ. ಬಾಯಿಂದ ತಗೊಳೋ ಮಾತ್ರೆಗೆ ಪಲ್ಲಾಡಿಯಂ ದಿನಕ್ಕೆ 100 ಮೈಕ್ರೋಗ್ರಾಂ ತನಕ ಓಕೆ, ಕೋಬಾಲ್ಟ್ 50 ಮಾತ್ರ. ಹೌದು, ಕೋಬಾಲ್ಟ್‌ಗೇ ಬಿಗಿ! ಕಬ್ಬಿಣಕ್ಕೆ ಅಂಥ ಮಿತಿನೇ ಇಟ್ಟಿಲ್ಲ. ಸೋ ವಿಷ ಇಲ್ಲ ಅನ್ನೋ ಮಾತು ಕಬ್ಬಿಣಕ್ಕೆ ಒಪ್ಪುತ್ತೆ, ಪಕ್ಕದ ಮನೆಯವರಿಗೆಲ್ಲಾ ಹಂಚಬೇಡಿ.

ಇನ್ನು ಅಗ್ಗ. ನೀವು 10 ಮೋಲ್ ಪರ್ಸೆಂಟ್ ಹಾಕಿದೀರ, ಅಂದ್ರೆ ಒಂದು ಕಬ್ಬಿಣ ಪರಮಾಣು ಜೀವಮಾನದಲ್ಲಿ ಹೆಚ್ಚೆಂದ್ರೆ ಹತ್ತು ಸಲ ಕೆಲಸ ಮಾಡುತ್ತೆ. ಸಿಲಿಕೋನ್ ಕಡೆ ಪ್ಲಾಟಿನಂ ಪಿಪಿಎಂ ಲೆಕ್ಕದಲ್ಲಿ ಹಾಕೋದು, 10 ಪಿಪಿಎಂ ಮೋಲ್ ಲೆಕ್ಕ ಅಂದ್ಕೊಂಡ್ರೆ ಒಂದು ಪರಮಾಣು ಲಕ್ಷ ಸಲ ತಿರುಗ್ಬೇಕು. ಆಮೇಲೆ ನಿಮ್ಮ ಪಿರಿಡಿನ್ ಡೈಇಮೀನ್ ಲಿಗ್ಯಾಂಡ್, ಕಬ್ಬಿಣದ ಬೆಲೆ ಪಕ್ಕ ಇಟ್ರೆ ಮೂಗಿಗಿಂತ ಮೂಗುತಿ ಭಾರ. ಅದನ್ನ ಆಕ್ಟಿವೇಟ್ ಮಾಡೋಕೆ ಸೋಡಿಯಂ ಟ್ರೈಎಥೈಲ್‌ಬೋರೋಹೈಡ್ರೈಡ್, ಅದಕ್ಕೆ ಒಣ ಸಾಲ್ವೆಂಟ್, ಗ್ಲೋವ್ ಬಾಕ್ಸ್. ಇಷ್ಟೆಲ್ಲಾ ಆದಮೇಲೆ ಪ್ರಾಡಕ್ಟಲ್ಲಿ ಕಬ್ಬಿಣ ಉಳಿದ್ರೆ ಬಣ್ಣ ಬರುತ್ತೆ, ಅದನ್ನ ತೆಗೆಯೋಕೆ ಇನ್ನೊಂದು ಸ್ಟೆಪ್.

ಹಾಗಂತ ನಾನು ಪ್ಲಾಟಿನಂ ಪಕ್ಷ ಅಲ್ಲ. ಪ್ಲಾಟಿನಂನಲ್ಲಿ ಅಸಲಿ ನೋವು ಎರಡು. ಒಂದು, ಸ್ಟಿಕರ್ ಹಿಂದಿನ ಸುಲಿಯೋ ಕಾಗದ ಇರುತ್ತಲ್ಲ, ಅದರ ಸಿಲಿಕೋನ್ ಲೇಪ ಗಟ್ಟಿಯಾದಮೇಲೆ ಪ್ಲಾಟಿನಂ ಅದರೊಳಗೇ ಸಮಾಧಿ, ವಾಪಸ್ ತೆಗೆಯೋ ಹಾಗಿಲ್ಲ. ಎರಡು, ಅದು ಸಿಲಿಕಾನ್ ಕೂರಿಸೋದರ ಜೊತೆ ಒಂದಿಷ್ಟು ಆಲ್ಕೀನ್‌ನ ಡಬಲ್ ಬಾಂಡ್ ಒಳಗೆ ಸರಿಸಿಬಿಡುತ್ತೆ, ಒಳಗೆ ಸರಿದಿದ್ದು ಆಮೇಲೆ ರಿಯಾಕ್ಟ್ ಆಗಲ್ಲ, ಅದಕ್ಕೋಸ್ಕರ ಆಲ್ಕೀನ್ ಜಾಸ್ತಿ ಸುರೀತೀವಿ, ಕೊನೆಗೆ ಡಿಸ್ಟಿಲ್ ಮಾಡಿ ತೆಗೀತೀವಿ. ಕಬ್ಬಿಣ ಈ ಎರಡನೇ ನೋವು ಕಳೆದ್ರೆ ಅದು ಬೆಲೆ ಕಥೆಗಿಂತ ದೊಡ್ಡದು. ಪ್ರಪೋಸಲಲ್ಲಿ ಅದನ್ನ ಬರೀರಿ.

ಹೇರಳ ಲೋಹ ಗೆದ್ದಿಲ್ವಾ ಅಂದ್ರೆ ಗೆದ್ದಿದೆ, ಸದ್ದಿಲ್ಲದೆ. ನೈಲಾನ್ 6,6ಕ್ಕೆ ಬೇಕಾದ ಅಡಿಪೋನೈಟ್ರೈಲ್ ಬ್ಯೂಟಾಡೈಯೀನ್‌ಗೆ ಹೈಡ್ರೋಜನ್ ಸಯನೈಡ್ ಸೇರಿಸಿ ಮಾಡ್ತಾರೆ, ಕ್ಯಾಟಲಿಸ್ಟ್ ನಿಕಲ್-ಫಾಸ್ಫೈಟ್, ಡ್ಯುಪಾಂಟ್ 1970ರ ದಶಕದಿಂದ ಓಡಿಸಿದ ಪ್ರೋಸೆಸ್. ಪ್ರೊಪಿಲೀನ್ ಆಕ್ಸೈಡ್‌ಗೆ ಟೈಟಾನಿಯಂ ಸಿಲಿಕಲೈಟ್ ಮತ್ತು ಹೈಡ್ರೋಜನ್ ಪೆರಾಕ್ಸೈಡ್, ಜೊತೆಗೆ ಬರೋದು ನೀರು ಅಷ್ಟೇ, 2008ರಿಂದ ದೊಡ್ಡ ಪ್ಲಾಂಟ್‌ಗಳೇ ಇವೆ. ಉಲ್ಟಾ ಕಥೆನೂ ಇದೆ, 1938ರಲ್ಲಿ ಓಟೋ ರೋಲೆನ್ ಹೈಡ್ರೋಫಾರ್ಮೈಲೇಷನ್ (ಆಲ್ಕೀನ್‌ಗೆ ಕಾರ್ಬನ್ ಮಾನಾಕ್ಸೈಡ್, ಹೈಡ್ರೋಜನ್ ಸೇರಿಸಿ ಆಲ್ಡಿಹೈಡ್ ಮಾಡೋದು) ಕಂಡುಹಿಡಿದಿದ್ದು ಕೋಬಾಲ್ಟಲ್ಲಿ, 200-300 ಬಾರ್ ಒತ್ತಡ ಬೇಕಿತ್ತು, ರೋಡಿಯಂ ಬಂದು 20 ಬಾರ್ ಆಸುಪಾಸಿಗೆ ಇಳಿಸ್ತು, ಪ್ರೊಪಿಲೀನ್ ಮಾರ್ಕೆಟ್ ಹೆಚ್ಚುಕಮ್ಮಿ ಪೂರ್ತಿ ಹೊಡ್ಕೊಂಡ್ತು. ಅಷ್ಟು ದುಬಾರಿ ಲೋಹ ಗೆದ್ದಿದ್ದು ಯಾಕಂದ್ರೆ ಕಂಪ್ರೆಸರ್, ಸ್ಟೀಲ್, ಕರೆಂಟು ಅದಕ್ಕಿಂತ ದುಬಾರಿ. ಉದ್ದ ಸರಪಳಿಯ, ಒಳಗಡೆ ಡಬಲ್ ಬಾಂಡ್ ಇರೋ ಆಲ್ಕೀನ್‌ಗಳಿಗೆ ಮಾತ್ರ ಕೋಬಾಲ್ಟ್ ಇನ್ನೂ ಕೂತಿದೆ, ಡಬಲ್ ಬಾಂಡನ್ನ ತುದಿಗೆ ಎಳ್ಕೊಂಡು ಬರೋ ಅಭ್ಯಾಸ ಇರೋದ್ರಿಂದ.

ಡಿ_ಆರ್ಬಿಟಲ್

ಮೇಡಂ, ಲೆಕ್ಕ ಒಪ್ಪಿದೆ, ಆದ್ರೆ ಆಕ್ಟಿವೇಷನ್ ವಿಷಯದಲ್ಲಿ ನಿಮ್ಮ ಮಾಹಿತಿ ಸ್ವಲ್ಪ ಹಳೇದಾಯ್ತು. ಸೋಡಿಯಂ ಟರ್ಷಿಯರಿ ಬ್ಯೂಟಾಕ್ಸೈಡ್ ಚಿಟಿಕೆ ಹಾಕಿದ್ರೂ ಆ ಕಬ್ಬಿಣ, ಕೋಬಾಲ್ಟ್ ಡೈಹ್ಯಾಲೈಡ್‌ಗಳು ಏಳ್ತವೆ, ಥಾಮಸ್ ಗುಂಪು 2017ರಲ್ಲಿ ತೋರಿಸಿದಾರೆ. ಆ ಲಿಗ್ಯಾಂಡ್ ಸೇರಿದ ಕಬ್ಬಿಣದ ಡೈಕ್ಲೋರೈಡ್ ನೀಲಿ ಪುಡಿ, ಹೊರಗೇ ತೂಕ ಮಾಡ್ಬಹುದು, ರಿಯಾಕ್ಷನ್ ಮಾತ್ರ ಗಾಳಿ ತಾಗದ ಹಾಗೆ. ಮತ್ತೆ ರಿಸರ್ಚ್ ಸ್ಟೇಜಲ್ಲಿ 10 ಮೋಲ್ ಪರ್ಸೆಂಟ್ ಬೈಯೋದು ನ್ಯಾಯ ಅಲ್ಲ, ಕಾರ್‌ಸ್ಟೆಟ್‌ಗೆ ಅರ್ಧ ಶತಮಾನದ ಅಡ್ವಾನ್ಸ್ ಇದೆ.

ಪ್ಲಾಂಟ್_ಕಡೆಯವಳು

ಬೈದಿಲ್ಲಪ್ಪ, ಲೆಕ್ಕ ಹೇಳಿದೆ. ಆದ್ರೆ ನೀಲಿ ಪುಡಿ ವಿಷಯ ಗೊತ್ತಿರ್ಲಿಲ್ಲ, ಥ್ಯಾಂಕ್ಸ್.

ಬೋರಾನ್_ಬಂಧು

ಪೋಸ್ಟ್ ಹಾಕಿದವರಿಗೆ ಒಂದು ಸಲಹೆ. ಲಿಮೋನೀನ್ ತುದಿ ಕಾರ್ಬನ್ ಮೇಲೆ ಹಿಡಿಕೆ ಬೇಕು ಅನ್ನೋದಷ್ಟೇ ಗುರಿ ಆದ್ರೆ ಸಿಲಿಕಾನೇ ಯಾಕೆ, ಬೋರಾನ್ ಹಾಕಿ. ಪಿನಾಕಾಲ್ ಬೋರೇನ್ (ಬೋರಾನ್-ಹೈಡ್ರೋಜನ್ ಬಾಂಡ್ ಇರೋ ಅಣು) ಮತ್ತು ಕಬ್ಬಿಣ ಅಥವಾ ಕೋಬಾಲ್ಟ್, ಇದೇ ಥರದ ಮೂರು ಹಲ್ಲಿನ ನೈಟ್ರೋಜನ್ ಲಿಗ್ಯಾಂಡ್. ಐಸೋಪ್ರೊಪಿನೈಲ್ ತುದಿಗೇ ಹೋಗುತ್ತೆ, ರಿಂಗ್ ಒಳಗಿನ ಮೂರು ಗುಂಪಿನ ಡಬಲ್ ಬಾಂಡ್ ಮುಟ್ಟಲ್ಲ. ಪೆರಾಕ್ಸೈಡ್ ಹಾಕಿ ಆಕ್ಸಿಡೈಸ್ ಮಾಡಿದ್ರೆ ತುದಿಲಿ ಓಎಚ್. ಈಗ ಪಕ್ಕ ಪಕ್ಕ ಇಟ್ಟು ನೋಡಿ, ಒಂದೇ ಲಿಮೋನೀನ್, ಒಂದೇ ಡಬಲ್ ಬಾಂಡ್, ಎಂಹ್ಯಾಟ್ ದಾರಿಲಿ ಹೋದ್ರೆ ನಡುವಿನ ಕಾರ್ಬನ್ ಮೇಲೆ ಓಎಚ್ ಇರೋ ಟರ್ಪಿನಿಯಾಲ್, ಈ ದಾರಿಲಿ ಹೋದ್ರೆ ತುದಿ ಆಲ್ಕೊಹಾಲ್. ಎರಡಕ್ಕೂ ಕಬ್ಬಿಣ. ಇದೇ ಒಂದು ಚಾಪ್ಟರ್ ಆಗುತ್ತೆ ನಿಮ್ಮ ಥೀಸಿಸ್‌ಗೆ. ತುದಿ ದಾರಿಲಿ ಪಕ್ಕದ ಕಾರ್ಬನ್ ಹೊಸ ಸ್ಟೀರಿಯೋಸೆಂಟರ್ ಆಗುತ್ತೆ ಅನ್ನೋದು ಮರೀಬೇಡಿ, ಕೈರಲ್ ಲಿಗ್ಯಾಂಡ್ ಇಲ್ಲದಿದ್ರೆ ಎರಡು ಡಯಾಸ್ಟೀರಿಯೋಮರ್ (ಬಾಂಡ್‌ಗಳು ಅವೇ, ಆಕಾರ ಬೇರೆ ಇರೋ ಅಣುಗಳು) ಹೆಚ್ಚುಕಮ್ಮಿ ಸಮ ಸಮ ಬಂದು ಎನ್‌ಎಂಆರ್‌ನಲ್ಲಿ ಪೀಕ್‌ಗಳು ಜೋಡಿ ಜೋಡಿಯಾಗಿ ಕಾಣ್ತವೆ, ಕಚಡಾ ಅಂತ ಎಸೀಬೇಡಿ.

ಆದ್ರೆ ಇಲ್ಲೂ ಒಂದು ಕಳ್ಳ ಇದಾನೆ, ಹಳೇ ಫ್ಲಾಸ್ಕ್ ಹೇಳಿದ ತಾಮ್ರದ ಥರಾನೇ. ಆಕ್ಟಿವೇಟ್ ಮಾಡೋಕೆ ಹಾಕೋ ಬ್ಯೂಟಾಕ್ಸೈಡ್ ಆಗ್ಲಿ ಬೋರೋಹೈಡ್ರೈಡ್ ಆಗ್ಲಿ ಪಿನಾಕಾಲ್ ಬೋರೇನನ್ನೇ ಒಡೆದು ಸ್ವಲ್ಪ ಬೋರೇನ್, ಅಂದ್ರೆ ಬಿಎಚ್3, ಮಾಡಿಬಿಡುತ್ತೆ. ಅದು ಯಾವ ಮೆಟಲ್ಲೂ ಇಲ್ಲದೆ ಆಲ್ಕೀನ್‌ಗೆ ಸೇರುತ್ತೆ, ಆಮೇಲೆ ಪಿನಾಕಾಲ್ ಬೋರೇನ್ ಜೊತೆ ಅದಲು ಬದಲು ಮಾಡ್ಕೊಂಡು ನಿಮಗೆ ಬೇಕಾದ ಪ್ರಾಡಕ್ಟೇ ಕೊಡುತ್ತೆ, ಅದೇ ಆಂಟಿ ಮಾರ್ಕೊವ್ನಿಕಾಫ್. ಕಬ್ಬಿಣ ಸುಮ್ನೆ ಪ್ರೇಕ್ಷಕ! ನಾನು ಆರು ತಿಂಗಳು ಲಿಗ್ಯಾಂಡ್ ಬದಲಾಯಿಸ್ತಾ ಕೂತಿದ್ದೆ, ಯಾವ ಲಿಗ್ಯಾಂಡ್ ಹಾಕಿದ್ರೂ ಒಂದೇ ಯೀಲ್ಡ್, ಆಗ್ಲೇ ಡೌಟ್ ಬರ್ಬೇಕಿತ್ತು. ಲಿಗ್ಯಾಂಡ್ ಬದಲಾದ್ರೂ ಏನೂ ಬದಲಾಗ್ತಿಲ್ಲ ಅಂದ್ರೆ ಲಿಗ್ಯಾಂಡ್‌ಗೂ ಆ ರಿಯಾಕ್ಷನ್‌ಗೂ ಸಂಬಂಧ ಇಲ್ಲ ಅಂತ. ಕಂಟ್ರೋಲ್ ಸುಲಭ, ಒಂದು, ಮೆಟಲ್ ಬಿಟ್ಟು ಬರೀ ಬೇಸ್ ಹಾಕಿ ನೋಡಿ. ಎರಡು, ಟಿಮೆಡಾ (ಎರಡು ನೈಟ್ರೋಜನ್ ಇರೋ ಅಮೀನ್) ಹಾಕಿ, ಅದು ಬಿಎಚ್3 ಹಿಡ್ಕೊಂಡುಬಿಡುತ್ತೆ, ರಿಯಾಕ್ಷನ್ ನಿಂತ್ರೆ ಕಳ್ಳ ಸಿಕ್ಕ. ಬೋರಾನ್ ಎನ್‌ಎಂಆರ್‌ನಲ್ಲೂ ಕಾಣುತ್ತೆ.

ಹಳೇ_ಫ್ಲಾಸ್ಕ್

ಲಿಗ್ಯಾಂಡ್ ಬದಲ ಮಾಡಿದ್ರೂ ಯೀಲ್ಡ್ ಬದಲ ಆಗಲ್ಲ ಅನ್ನೂ ಮಾತು ಗ್ವಾಡಿ ಮ್ಯಾಲ ಬರದು ಹಚ್ಚೂವಂಥಾದ್ದು.

ಕಾಲಮ್_ಕಾವಲುಗಾರ

ಎರಡು ವಾರ ಬಿಟ್ಟು ಅಪ್‌ಡೇಟ್ ಹಾಕ್ತಿದೀನಿ, ಬೈದವ್ರಿಗೂ ಹೇಳಿಕೊಟ್ಟವ್ರಿಗೂ ಥ್ಯಾಂಕ್ಸ್.

ಟರ್ಪಿನಿಯಾಲ್ ಅಸಲಿ ಸ್ಯಾಂಪಲ್ ಜೊತೆ ಹಾಕಿದೆ, ಟೈಮೂ ಸೇಮ್, ಮಾಸೂ ಸೇಮ್. 99.99 ಕಬ್ಬಿಣದಲ್ಲಿ ಹಳೇ ಬಾಟ್ಲಿಯಷ್ಟೇ 138 ಬಂತು, ಕಬ್ಬಿಣ ಇಲ್ಲದೆ ಏನೂ ಇಲ್ಲ, ಬೇಕಂತ ತಾಮ್ರ ಹಾಕಿದ್ರೂ ವ್ಯತ್ಯಾಸ ಇಲ್ಲ, ಸೋ ಇಲ್ಲಿ ಕಬ್ಬಿಣಾನೇ. ಡ್ಯುಟೀರಿಯಂ ಸೈಲೇನ್ ಆರ್ಡರ್ ಹಾಕಿದೀನಿ, ಬರೋಕೆ ಟೈಮ್ ಹಿಡಿಯುತ್ತಂತೆ. ಗೈಡ್ ಹತ್ರ ಪ್ಲಾಂಟ್ ಮೇಡಂ ಹೇಳಿದ ಕೋಬಾಲ್ಟ್ 50, ಪಲ್ಲಾಡಿಯಂ 100 ಅಂತ ಹೇಳಿದೆ, ಅವ್ರು ಒಂದು ನಿಮಿಷ ಸುಮ್ನಿದ್ದು, ಸರಿ, ವಿಷ ಇಲ್ಲ ಅನ್ನೋ ಆ ವಾಕ್ಯ ತೆಗಿ ಅಂದ್ರು 😄

ಬೋರಾನ್ ದಾರಿನೂ ಶುರು ಮಾಡಿದೆ. ನೀಲಿ ಪುಡಿ ಮಾಡಿದೆ, ನಿಜಕ್ಕೂ ಚೆಂದ ಇದೆ ಬಣ್ಣ. ಮೊದಲನೇ ರಿಯಾಕ್ಷನ್ ಒಂದೇ ಸಲಕ್ಕೆ ಕೆಲಸ ಮಾಡ್ತು, ಕುಣಿದಾಡ್ದೆ, ಆಮೇಲೆ ಬರೀ ಬ್ಯೂಟಾಕ್ಸೈಡ್ ಹಾಕಿದ ಕಂಟ್ರೋಲ್ ನೋಡಿದ್ರೆ ಅದರಲ್ಲೂ ಮೂರರಲ್ಲೊಂದು ಭಾಗ ಪ್ರಾಡಕ್ಟ್ ಇದೆ. ಕುಣಿತ ನಿಲ್ಸಿದೀನಿ. ಈಗ ಟಿಮೆಡಾ ಹಾಕಿ ನೋಡ್ಬೇಕು, ಲ್ಯಾಬಲ್ಲಿ ಒಂದು ಬಾಟ್ಲಿ ಇದೆ ಅಂದ್ರು ಆದ್ರೆ ಲೇಬಲ್ ಉದುರಿ ಹೋಗಿದೆ, ಮೀನು ಕೊಳೆತ ವಾಸನೆ ಬರುತ್ತಂತಲ್ಲ, ಮೂಸಿ ನೋಡಿ ಗುರುತಿಸ್ಬಹುದಾ?

ಹಳೇ_ಫ್ಲಾಸ್ಕ್

ಮೂಸಬ್ಯಾಡೋ ಮಾರಾಯಾ, ಒಂದು ಹನಿ ಎನ್‌ಎಂಆರ್ ಟ್ಯೂಬಿಗೆ ಹಾಕು. ಅದರಾಗ ಎರಡ ಪೀಕ್ ಬರ್ತಾವು.